ಸಕ್ಕರೆಯಿಲ್ಲದ ಸಿಹಿ



ಊರು ಬಿಟ್ಟು ಬಂದ ನಾವು ಹೋಳಿಗೆ, ಚಿರೋಟಿಗಳನ್ನು ಬಿಟ್ಟು ಬಂದಿಲ್ಲ. ಮಧುಮೇಹವೂ ನಮ್ಮ ಮನೆಗಳಲ್ಲಿ ಬಿಡಾರ ಹೂಡಿದೆ. ಆದುದರಿಂದಲೇ ಈಚೆಗೆ ನಮ್ಮ ಸಮಾರಂಭಗಳಲ್ಲಿ ‘ಡಯಟ್’ ಪಾನೀಯದ ಡಬ್ಬಿಗಳು ಕಾಣಿಸಿಕೊಳ್ಳುತ್ತಿವೆ. ಕೆಲವರಿಗೆ ಅವು ಅಮೃತ, ಕೆಲವರಿಗೆ ವಿಷ. ಎರಡೂ ಮಾತು ಹೆಚ್ಚಾಯಿತು.

ಈ ಭಯ ಹೊಸದಲ್ಲ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ದೊರೆತ ಸ್ಯಾಕರಿನ್, ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ತರುವುದೆಂದು 1977ರಲ್ಲಿ ಅಲ್ಲಿ ದೊಡ್ಡ ಗುಲ್ಲೆದ್ದಿತು. ಪೊಟ್ಟಣಗಳ ಮೇಲೆ ಎಚ್ಚರಿಕೆಯನ್ನೂ ಅಚ್ಚುಹಾಕಿಸಿದರು. ಇಲಿಯ ಮೂತ್ರದಲ್ಲಿ ನಡೆಯುವ ಆ ಕ್ರಿಯೆ ಮನುಷ್ಯರಿಗೆ ಅನ್ವಯಿಸದೆಂದು ತಿಳಿದ ಮೇಲೆ, 2000ದಲ್ಲಿ ಅದನ್ನು ತೆಗೆದುಹಾಕಿದರು.

ಈಗ ಚರ್ಚೆಯಲ್ಲಿರುವುದು ಆಸ್ಪರ್ಟೇಮ್. ಸಕ್ಕರೆಗಿಂತ ಸುಮಾರು 200 ಮಡಿ ಸಿಹಿ. 2023ರ ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ಇದನ್ನು ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಪುರಾವೆ ಅಲ್ಪವೆಂದೂ ಹೇಳಿತು. ಜೊತೆಯಲ್ಲೇ ಇನ್ನೊಂದು ತಜ್ಞ ಸಮಿತಿಯು ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. ಆ ಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. ಡಬ್ಬಿಯೊಂದರಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, 70 ಕಿಲೋ ತೂಕದವರು ಮಿತಿ ದಾಟಲು ದಿನಕ್ಕೆ 9ರಿಂದ 14 ಡಬ್ಬಿಗಿಂತ ಹೆಚ್ಚು ಕುಡಿಯಬೇಕು. ಅಂಥವರನ್ನು ಮೊದಲು ಕಾಡುವುದು ಹೊಟ್ಟೆಯುಬ್ಬರ!

ಆದರೆ 15 ಕಿಲೋ ತೂಕದ ಮಗುವಿನ ಲೆಕ್ಕವೇ ಬೇರೆ. ಅದರ ಮಿತಿ 600 ಮಿಲಿಗ್ರಾಂ. ಎರಡು ಮೂರು ಡಬ್ಬಿಗೆ ಮುಗಿಯಿತು. ಒಂದು ದಿನ ಮಿತಿ ಮೀರಿದರೆ ಅಪಾಯವೆಂದಲ್ಲ. ಜೀವಮಾನವೆಲ್ಲ ದಿನವೂ ಸೇವಿಸಬಹುದಾದ ಪ್ರಮಾಣವದು. ಆದರೂ ಅಜ್ಜನಿಗೆಂದು ತಂದುದನ್ನು ಮೊಮ್ಮಗನಿಗೆ ನಿತ್ಯದ ರೂಢಿ ಮಾಡಿಸುವುದೇಕೆ? ಫೀನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಹುಟ್ಟುರೋಗವುಳ್ಳವರಿಗಂತೂ ಆಸ್ಪರ್ಟೇಮ್ ಸಲ್ಲದು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿರಿ.

ಇನ್ನು ಮೈ ಕರಗಿಸುವ ಆಸೆ. ತೂಕ ಇಳಿಸಲು ಇಂಥ ಸಿಹಿಗಳನ್ನು ಬಳಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ ಸಲಹೆಯಿತ್ತಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸದು. ಡಬ್ಬಿಯಲ್ಲಿ ಸಕ್ಕರೆಯಿಲ್ಲವೆಂದು ಇನ್ನೆರಡು ಹೋಳಿಗೆ ಬಡಿಸಿಕೊಂಡರೆ ಉಳಿತಾಯವೆಲ್ಲಿ ಬಂತು?

ಮಧುಮೇಹವುಳ್ಳ ಹಿರಿಯರು ಸಕ್ಕರೆಯ ಪಾನೀಯದ ಬದಲು ಎಂದಾದರೊಮ್ಮೆ ಇದನ್ನು ಕುಡಿದರೆ ನಾವು ಅವರನ್ನು ಹೆದರಿಸಬೇಕಾದುದಿಲ್ಲ. ಮುಂದಿನ ಸಮಾರಂಭದ ಊಟದ ವ್ಯವಸ್ಥೆ ನೋಡಿಕೊಳ್ಳುವವರಲ್ಲಿ ಮಾತ್ರ ನಮ್ಮದೊಂದು ವಿನಂತಿ: ಆ ಡಬ್ಬಿಗಳ ಪಕ್ಕದಲ್ಲಿ ಒಗ್ಗರಣೆ ಹಾಕಿದ ಮಜ್ಜಿಗೆಯನ್ನೂ ಇಡಿಸಿರಿ.