ಕೆರೆ ಏರಿಯ ಮೇಲಿನ ಕೂಲಿ: ತಿಪ್ಪೇರುದ್ರಸ್ವಾಮಿಗಳ ಒಂದು ಮಾತು

ಊರ ಕೆರೆಗಾಗಿ ಬದುಕೆಲ್ಲ ಓಡಾಡಿದ ಮೇಷ್ಟ್ರ ಹೆಸರಿನ ದತ್ತಿಯ ಉಪನ್ಯಾಸವಿದು.

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಪಂಚಗಣಾಧೀಶರೆಂಬ ಐವರು ಸಂತರಲ್ಲೊಬ್ಬರು. ಅಲ್ಲಿ ಒಳಮಠ, ಹೊರಮಠ ಇವೆ. ಫಾಲ್ಗುಣದ ತೇರಿನಲ್ಲಿ ಕೊಬ್ಬರಿ ಸುಡುತ್ತಾರೆ, ಮುಕ್ತಿ ಬಾವುಟ ಹರಾಜಾಗುತ್ತದೆ. ಇದೆಲ್ಲ ನಿಮಗೆ ಗೊತ್ತು, ಪುಸ್ತಕಗಳಲ್ಲೂ ಸಿಗುತ್ತದೆ. ನಾನು ಹಿಡಿದು ಕೂರುವುದು ಸ್ವಾಮಿಗಳ ಒಂದೇ ಮಾತನ್ನು: ‘ಮಾಡಿದಷ್ಟು ನೀಡು ಭಿಕ್ಷೆ’.

ಇದು ಕರ್ಮಸಿದ್ಧಾಂತದ ಮಾತು, ಹಿಂದೆ ಮಾಡಿದ್ದನ್ನು ಈಗ ಉಣ್ಣಬೇಕು ಎಂಬುದೇ ಇದರ ತಾತ್ಪರ್ಯ ಎನ್ನುವ ವಿದ್ವಾಂಸರಿದ್ದಾರೆ. ಅವರ ಓದಿನ ಬಗ್ಗೆ ನನಗೆ ಗೌರವವಿದೆ, ಈ ವ್ಯಾಖ್ಯಾನವನ್ನು ಮಾತ್ರ ಒಪ್ಪಲಾರೆ. ಜನ ಹೇಳುವ ಕಥೆ ನೆನೆಯಿರಿ. ಸ್ವಾಮಿಗಳು ಹಟ್ಟಿಯ ಸುತ್ತ ಐದು ಕೆರೆ ಕಟ್ಟಿಸಿದರು. ಸಂಜೆ ಕೂಲಿಯವರು ಮರಳಿನ ಗುಡ್ಡೆಯಿಂದ ಪಾಲು ತೆಗೆದುಕೊಂಡರೆ, ಅವರವರ ದುಡಿಮೆಗೆ ತಕ್ಕಷ್ಟು ಹಣವಾಗುತ್ತಿತ್ತು. ಇದರಲ್ಲಿ ಹಿಂದಿನ ಜನ್ಮ ಎಲ್ಲಿ ಬಂತು? ಬೆಳಗ್ಗೆ ಹೊತ್ತ ಮಣ್ಣು, ಸಂಜೆಯ ಕೂಲಿ, ಇಷ್ಟೇ. ಪವಾಡವೇ ಮುಖ್ಯ ಎನ್ನುವವರಿಗೂ ನನ್ನದೊಂದು ಪ್ರಶ್ನೆ: ಮರಳನ್ನು ಹಣ ಮಾಡಬಲ್ಲವರು ಎಲ್ಲರಿಗೂ ಬೊಗಸೆ ತುಂಬ ಕೊಡಬಹುದಿತ್ತಲ್ಲ? ಕಥೆ ಕಟ್ಟಿದ ಜನ ಹಾಗೆ ಹೇಳಲಿಲ್ಲ. ಪವಾಡದೊಳಗೂ ಅಳತೆ ಬಿಡಲಿಲ್ಲ.

ಆ ಅಳತೆ ಮಣ್ಣಿನ ಕೆಲಸದವರದೇ. ಮಣ್ಣು ಅಗೆಯುವವರು ಗುಂಡಿಯ ನಡುವೆ ಒಂದು ದಿಬ್ಬವನ್ನು ಅಗೆಯದೆ ಬಿಡುತ್ತಾರೆ. ಅದರ ತಲೆಯ ಮೇಲೆ ಮೊದಲಿನ ನೆಲದ ಹುಲ್ಲು ಹಾಗೇ ಇರುತ್ತದೆ. ದಿಬ್ಬದ ಎತ್ತರವೇ ಗುಂಡಿಯ ಆಳ. ಉದ್ದ, ಅಗಲ ಸೇರಿಸಿದರೆ ಕೂಲಿ ಲೆಕ್ಕ ಸಿಕ್ಕಿತು. ಯಾರೂ ಮೋಸ ಮಾಡುವಂತಿಲ್ಲ, ಮೇಸ್ತ್ರಿಯೂ ಸಹ. ಉದ್ಯೋಗ ಖಾತ್ರಿಯ ನರೇಗಾದಲ್ಲೂ ಅಳತೆ ನೋಡಿಯೇ ಕೂಲಿ ಹಾಕುತ್ತಿದ್ದರು. ಸ್ವಾಮಿಗಳ ಮಾತು ಹುಟ್ಟಿದ್ದು ಇಂಥ ಗುಂಡಿಯ ದಂಡೆಯಲ್ಲಿ ಎಂಬುದು ನನ್ನ ವಾದ.

ಇಂಥ ಮಾತು ಬೇರೆಡೆಯೂ ಇದೆ. ಎರಡು ಸಾವಿರ ವರ್ಷಗಳ ಹಿಂದೆ ಬ್ಯಾಬಿಲೋನಿನಿಂದ ಜೆರುಸಲೇಮಿಗೆ ಬಂದ ಯಹೂದಿ ಜ್ಞಾನಿ ಹಿಲ್ಲೆಲ್ ದಿನಗೂಲಿಯವನು. ದುಡಿದ ಕಾಸಿನಲ್ಲಿ ಅರ್ಧ ಮನೆಗೆ, ಅರ್ಧ ಪಾಠಶಾಲೆಯ ಬಾಗಿಲು ಕಾಯುವವನಿಗೆ. ಕೂಲಿ ಸಿಗದ ಒಂದು ದಿನ ಮಾಡಿನ ಗವಾಕ್ಷಿಯ ಮೇಲೆ ಮಲಗಿ ಪಾಠ ಕೇಳುತ್ತ ಹಿಮದಲ್ಲಿ ಹೂತುಹೋದನೆಂದು ಯಹೂದಿಗಳ ತಾಲ್ಮುದ್ ಗ್ರಂಥ ಹೇಳುತ್ತದೆ. ಅವನ ಶಿಷ್ಯನೆಂದು ಪರಂಪರೆ ಹೇಳುವ ಬೆನ್ ಹೇ ಹೇ ಹೆಸರಿನಲ್ಲಿ, ಪಟ್ಟ ಪಾಡಿಗೆ ತಕ್ಕ ಪ್ರತಿಫಲ ಎಂಬರ್ಥದ ಮಾತು ಉಳಿದಿದೆ. ಅಲ್ಲಿಯವರು ಅದನ್ನು ಶಾಸ್ತ್ರಾಧ್ಯಯನಕ್ಕೆ ಅನ್ವಯಿಸಿದರು. ನಮ್ಮವರು ಗುದ್ದಲಿ ಹಿಡಿದವನಿಗೇ ಬಿಟ್ಟರು.

ಹಾಗಾದರೆ ದುಡಿಯಲಾಗದ ಮುದುಕರಿಗೆ, ಕಾಯಿಲೆಯವರಿಗೆ ಏನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಶರಣರಲ್ಲಿ ಕಾಯಕದ ಪಕ್ಕದಲ್ಲೇ ದಾಸೋಹವಿತ್ತು. ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮ, ಜಂಗಮರಿಗೆ ಉಣಬಡಿಸಿದ ಲಕ್ಕಮ್ಮನೂ ಹೌದು. ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದೇ ತಪ್ಪು.

ನೀರಿನ ಬೆಲೆ ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಇಂಥ ನೆಲದಲ್ಲಿ ಕೆರೆ ತೋಡಿದವರ ಲೆಕ್ಕವೂ ಶಾಸ್ತ್ರವೇ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣ ಸಿದ್ಧರಾಮನನ್ನು ಗುರುವೆಂದು ನಂಬಿದ, ಮಣ್ಣಿನ ಕೆಲಸದ ಭೋವಿ ಸಮುದಾಯದ ಗುರುಪೀಠ ಇದೇ ಚಿತ್ರದುರ್ಗದಲ್ಲಿದೆ. ದಿಬ್ಬ ಬಿಟ್ಟು ಅಳೆಯುವುದನ್ನು ಬಲ್ಲ ಹಿರಿಯರು ಆ ಸಮುದಾಯದಲ್ಲಿ ಇನ್ನೂ ಇದ್ದಾರೆ. ತಿಪ್ಪೇರುದ್ರಸ್ವಾಮಿಗಳ ಮೇಲೆ ಪ್ರಬಂಧ ಬರೆಯಲು ಹೊರಟವರು ಗ್ರಂಥಾಲಯಕ್ಕೆ ಹೋಗುವ ಮೊದಲು ಅವರ ಹತ್ತಿರ ಹೋಗಿ ಕೂತು ಕೇಳಲಿ, ಧ್ವನಿ ಮುದ್ರಿಸಿಕೊಳ್ಳಲಿ. ಆ ಕೆಲಸಕ್ಕೆ ಈ ದತ್ತಿಯಿಂದ ಒಂದಿಷ್ಟು ನೆರವು ಸಿಗಲೆಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ.