ಎಳೆಯರ ಮಧುಮೇಹವೂ ಮುಂದಣ ಆರೈಕೆಯೂ



ಉತ್ಸವದ ಸಭೆಯಲ್ಲಿ ರೋಗದ ಮಾತೇಕೆಂದು ತಾವು ಕೇಳಬಹುದು. ಈ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನಾದುದರಿಂದ ನನ್ನ ಅರಿಕೆಯನ್ನು ಇಲ್ಲಿಯೇ ಮಾಡಬೇಕಾಗಿದೆ.

ಮಧುಮೇಹವು ವಯಸ್ಸಾದವರ ರೋಗವೆಂದೇ ನಮ್ಮ ಜನರ ಎಣಿಕೆ. ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ಬರತಕ್ಕದ್ದು ಬೇರೆಯ ಬಗೆಯದು. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಜೀವಕಣಗಳನ್ನು ನಾಶಮಾಡುವುದು. ಇದು ಸಿಹಿ ತಿಂದುದರ ಫಲವಲ್ಲ, ತಾಯಿಯ ಅಲಕ್ಷ್ಯದ ಫಲವೂ ಅಲ್ಲ. ಈ ಒಂದು ಮಾತನ್ನು ಹಳ್ಳಿಹಳ್ಳಿಗಳಲ್ಲಿ ಡಂಗುರ ಹೊಡೆಯಿಸಬೇಕು. ಪೂರ್ವದಲ್ಲಿ ಇಂತಹ ಮಕ್ಕಳು ಒಂದೆರಡು ವರ್ಷಗಳಲ್ಲಿಯೇ ತೀರಿಹೋಗುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊತ್ತಮೊದಲು ಇನ್ಸುಲಿನ್ ಚುಚ್ಚಿದರು. ಅವನು ಮತ್ತೆ 13 ವರ್ಷ ಬದುಕಿದನು. ಇಂದಿನ ಮಗುವಾದರೋ, ಆರೈಕೆ ದೊರೆತಲ್ಲಿ, ಮುಪ್ಪಿನವರೆಗೂ ಬಾಳಬಲ್ಲುದು.

ಹೊಸ ಹೊಣೆಯು ಹುಟ್ಟಿರುವುದು ಇಲ್ಲಿಯೇ. ಅನೇಕ ದೇಶಗಳಲ್ಲಿ ಈ ರೋಗವು ಹೆಚ್ಚುತ್ತಲಿದೆ; ಇಂತಹ ಮಕ್ಕಳು ಅತ್ಯಧಿಕವಾಗಿರುವ ದೇಶಗಳಲ್ಲಿ ನಮ್ಮದೂ ಒಂದು. ದಿನಕ್ಕೆ 4 ಬಾರಿ ಚುಚ್ಚಿಕೊಂಡರೆ ವರ್ಷಕ್ಕೆ 1,460 ಆಯಿತು. ಮದ್ದು ಸಾಲದೆ ಹೋದರೆ ಕಾಲಕ್ರಮದಲ್ಲಿ ಕಣ್ಣು, ಮೂತ್ರಪಿಂಡಗಳು ಕೆಡುವುವು. ಮದ್ದು ಹೆಚ್ಚಿದರೆ ಅಥವಾ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಮಗು ಬೆವರಿ, ನಡುಗಿ, ಎಚ್ಚರ ತಪ್ಪುವುದು. ನಡುರಾತ್ರಿಯಲ್ಲಿ ಎದ್ದು ನೋಡುವ ತಾಯಿಗೂ ಮುಪ್ಪು ಬರುವುದಷ್ಟೆ. ಆಮೇಲೆ ನೋಡತಕ್ಕವರು ಯಾರು?

ನಾನು ಬಲ್ಲ ರೈತನೊಬ್ಬನ ಮಗನನ್ನು ಒಂದು ವಿದ್ಯಾರ್ಥಿನಿಲಯದವರು ಸೂಜಿಯನ್ನು ಕಂಡು ಹಿಂದಕ್ಕೆ ಕಳುಹಿಸಿದರು. ಅವರು ನಿರ್ದಯರಲ್ಲ, ಹೆದರಿದರು. ಹುಡುಗನ ಓದು ಅಲ್ಲಿಗೆ ನಿಂತಿತು. ಓದಿಲ್ಲದವನಿಗೆ ಒಳ್ಳೆಯ ಉದ್ಯೋಗವೆಲ್ಲಿ? ಉದ್ಯೋಗವಿಲ್ಲದೆ ಜನ್ಮಪರ್ಯಂತದ ಮದ್ದಿಗೆ ಹಣವೆಲ್ಲಿ?

ಪ್ರಸಾದನಿಲಯದಲ್ಲಿ ಬೇಕಾದುದು ಬಹಳವಿಲ್ಲ. ಮದ್ದಿಡಲು ತಂಪುಪೆಟ್ಟಿಗೆ, ವಿದ್ಯುತ್ತು ಹೋದಲ್ಲಿ ಒದ್ದೆ ಮರಳಿನ ನಡುವಣ ಮಣ್ಣಿನ ಗಡಿಗೆಯೂ ಒದಗೀತು. ಹೊತ್ತಿಗೆ ಸರಿಯಾಗಿ ಊಟ. ನಡುಕ ಹುಟ್ಟಿದೊಡನೆ ಸಕ್ಕರೆನೀರು ಕುಡಿಸುವ, ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯುವ ತಿಳಿವಳಿಕೆಯುಳ್ಳ ಇಬ್ಬರು. ಒಬ್ಬರಾದರೆ ಸಾಲದು, ಅವರೂ ಊರಿಗೆ ಹೋಗುವರಲ್ಲವೆ!

ಆ ರೈತನ ಮಗನಿಗೆ ಈಗ 15 ವರ್ಷ. ಅವನ ಅರ್ಜಿಯನ್ನು ನಾನೇ ತಂದಿರುವೆನು. ಸಭೆ ಮುಗಿದ ಬಳಿಕ ಸನ್ನಿಧಿಗೆ ಒಪ್ಪಿಸುವೆನು.