ನೀರಿಗೆ ತಕ್ಕ ಮೀನು: ಮಿಶ್ರ ಮೀನುತೊಟ್ಟಿಯ ರಸಸಾರ

(ಅಲಂಕಾರಿಕ ಮೀನು ಸಾಕಣೆ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೊಪ್ಪುವ ಬೆಳೆಯನ್ನು ಆರಿಸಿಕೊಳ್ಳುವುದು ಜಾಣ ರೈತರ ಪದ್ಧತಿ. ಅಲಂಕಾರಿಕ ಮೀನು ಸಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಗಾಜಿನ ತೊಟ್ಟಿಯಲ್ಲಿ ನಾಲ್ಕಾರು ಜಾತಿಯ ಮೀನುಗಳನ್ನು ಒಟ್ಟಿಗೆ ಬಿಟ್ಟು, ಅವು ಸತ್ತಾಗ ರೋಗವೆಂದು ಔಷಧಿ ಸುರಿಯುವವರುಂಟು. ಎಷ್ಟೋ ವೇಳೆ ದೋಷವಿರುವುದು ನೀರಿನ ರಸಸಾರದಲ್ಲಿ. ಅದಕ್ಕಿಂತ ಹೆಚ್ಚಾಗಿ ಅದರ ಏರುಪೇರಿನಲ್ಲಿ.

ರಸಸಾರ ಎಂದರೇನು?

ನೀರು ಹುಳಿಯೋ ಕ್ಷಾರವೋ ಎಂಬುದನ್ನು ತಿಳಿಸುವ ಅಳತೆಯೇ ರಸಸಾರ. 7 ಇದ್ದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. 7ರಿಂದ 6ಕ್ಕೆ ಇಳಿದರೆ ಆಮ್ಲತೆ 10 ಪಟ್ಟು ಹೆಚ್ಚುತ್ತದೆ. 5ಕ್ಕೆ ಇಳಿದರೆ 100 ಪಟ್ಟು. ಆದ್ದರಿಂದ ಒಂದು ಅಂಕದ ವ್ಯತ್ಯಾಸವನ್ನು ಅಲ್ಪವೆಂದು ತಿಳಿಯಬಾರದು.

ಯಾವ ನೀರಿಗೆ ಯಾವ ಮೀನು?

ಕೋಲಾರದಂತಹ ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು ಮತ್ತು ಕ್ಷಾರ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಹೆಚ್ಚಾಗಿ ಮೆದು ಮತ್ತು ತುಸು ಹುಳಿ. ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲದ ಮೀನುಗಳಿಗೆ 7ರಿಂದ 8ರವರೆಗಿನ ಗಡಸು ನೀರು ಹಿತ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾಗಳಿಗೆ 6ರಿಂದ 7ರವರೆಗಿನ ಮೆದು ನೀರು ಬೇಕು. ಮೋಲಿ ಮತ್ತು ನಿಯಾನ್ ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಾಗದು. ಜೀಬ್ರಾ ಮೀನು, ರೋಸಿ ಬಾರ್ಬ್, ಗೌರಾಮಿಗಳು ಎರಡಕ್ಕೂ ಹೊಂದಿಕೊಳ್ಳಬಲ್ಲವು. ಇಂತಹ ಮಿಶ್ರ ತೊಟ್ಟಿಗೆ 6.8ರಿಂದ 7.6 ಒಳ್ಳೆಯ ಮಿತಿ.

ಹುಳಿ ಹಿಂಡಬೇಡಿ

ಗಡಸು ನೀರಿಗೆ ನಿಂಬೆರಸವನ್ನೋ ಆಮ್ಲವನ್ನೋ ಹಾಕಿ ರಸಸಾರ ಇಳಿಸಲು ಹೋಗಬಾರದು. ನೀರಿನಲ್ಲಿರುವ ಬೈಕಾರ್ಬನೇಟ್ ಆ ಹುಳಿಯನ್ನು ನುಂಗಿ, ರಸಸಾರ ಮತ್ತೆ ಮೇಲೇರುತ್ತದೆ. ಈ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಮೆದು ನೀರು ಬೇಕೇಬೇಕಾದರೆ ಮೊದಲ ಮಳೆಯನ್ನು ಹರಿಯಬಿಟ್ಟು, ನಂತರ ಹಿಡಿದ ಶುದ್ಧ ಮಳೆನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬಹುದು. ತೀರಾ ಹುಳಿ ನೀರಿದ್ದರೆ ಸುಣ್ಣಕಲ್ಲಿನ ಅಥವಾ ಚಿಪ್ಪಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ತೊಟ್ಟಿಯಲ್ಲಿಡಬಹುದು.

ಹಳೆಯ ತೊಟ್ಟಿಯ ಅಪಾಯ

ಮೀನಿನ ಮಲ, ಉಳಿದ ಆಹಾರಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷವಾಗುವುದು ರಸಸಾರ ಏರಿದಂತೆಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತದೆ. 8 ಇದ್ದಾಗ ಸುಮಾರು ಶೇಕಡಾ 5. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ರಸಸಾರ ಮೆಲ್ಲನೆ ಕುಸಿಯುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಒಂದೇ ದಿನ ಮುಕ್ಕಾಲು ನೀರು ತೆಗೆದು ಕ್ಷಾರ ನೀರು ತುಂಬಿದರೆ ರಸಸಾರ ಥಟ್ಟನೆ ಏರಿ, ಉಳಿದ ಅಮೋನಿಯಾ ವಿಷವಾಗುತ್ತದೆ. ತೊಟ್ಟಿ ಶುಚಿ ಮಾಡಿದ ಮರುದಿನವೇ ಮೀನುಗಳು ಸಾಯುವುದಕ್ಕೆ ಇದೂ ಒಂದು ಕಾರಣ.

ಗಮನಿಸಬೇಕಾದ ಅಂಶಗಳು

1. ಕೊಳವೆಬಾವಿಯ ನೀರನ್ನು ಒಂದು ದಿನ ಗಾಳಿಯಾಡಲು ಬಿಟ್ಟು ಅನಂತರ ರಸಸಾರ ನೋಡಬೇಕು. ಆಗ ತಾನೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಅಂಕ ಕಡಿಮೆ ತೋರುತ್ತದೆ.

2. ಗಿಡಗಳಿರುವ ತೊಟ್ಟಿಯಲ್ಲಿ ರಸಸಾರ ಮುಂಜಾನೆ ಕಡಿಮೆ, ಸಂಜೆ ಹೆಚ್ಚು. ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಅಳೆಯಬೇಕು.

3. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಮಾತ್ರ ಬದಲಿಸಬೇಕು.

4. ಹೊಸ ಸಿಮೆಂಟ್ ತೊಟ್ಟಿಯಿಂದ ಸುಣ್ಣದ ಅಂಶ ಬಿಡುತ್ತದೆ. ಹಲವು ಬಾರಿ ನೀರು ತುಂಬಿ ಚೆಲ್ಲಿ, ರಸಸಾರ ನಿಂತ ಮೇಲೆ ಮೀನು ಬಿಡಬೇಕು.

5. ತಂದ ಮೀನಿನ ಚೀಲವನ್ನು ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಸ್ವಲ್ಪಸ್ವಲ್ಪವಾಗಿ ಬೆರೆಸಿ ಬಿಡಬೇಕು.

ಕೊನೆಯದಾಗಿ ಒಂದು ಮಾತು. ಅಂಕ 7.2 ಇರಲಿ, 7.6 ಇರಲಿ, ಅದು ಸ್ಥಿರವಾಗಿರುವುದೇ ಮುಖ್ಯ. ಮೀನು ಕೊಂಡು ನೀರನ್ನು ತಿದ್ದುವುದಕ್ಕಿಂತ, ಮೊದಲು ನೀರು ನೋಡಿ ಮೀನು ಕೊಳ್ಳುವುದೇ ಲೇಸು.